ಮೊದಲು ಫೋಟೋ ಹೋಗಲಿ

ಗುಡ್ಡದಾಚೆಯ ಆ ಕಣ್ಣಾಸ್ಪತ್ರೆ ಶಾಖೆಯಲ್ಲಿ ಕೌಂಟರಿನ ಹಿಂದೆ ಕೂರುವ ಹೆಂಗಸನ್ನು ಎಲ್ಲರೂ ಕೌಂಟರಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರಮ್ಮನಿಂದ ಹಿಡಿದು ಕನ್ನಡಕ ಒರೆಸಿಕೊಳ್ಳುತ್ತ ಬರುವ ಮುದುಕರವರೆಗೆ ಯಾರೂ ಅವಳ ಹೆಸರು ಹಿಡಿದು ಕೂಗಿದವರಲ್ಲ. ಅವಳಿಗೂ ಅದೇ ಇಷ್ಟ. ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳು, ಚೀಟಿ ಕೊಡುವವಳು ಅವಳು, ಕಣ್ಣಿಗೆ ಹನಿ ಹಾಕಿಸಿಕೊಂಡು ಲೋಕವೆಲ್ಲ ಮಂಜಾಗಿ ಕುಳಿತವರಿಗೆ "ಇನ್ನೇನು ನಿಮ್ಮದೇ ಸರದಿ" ಎಂದು ಸಮಾಧಾನ ಹೇಳುವವಳು ಅವಳು, ಸಂಜೆ ಎಲ್ಲ ಮುಗಿದ ಮೇಲೆ ಬೀಗ ಹಾಕುವವಳೂ ಅವಳೇ. ಶಾಖೆ ಒಂದು ಲೆಕ್ಕದಲ್ಲಿ ತನ್ನ ಹೆಗಲ ಮೇಲೇ ನಿಂತಿದೆ ಎಂಬ ಹೆಮ್ಮೆ ಅವಳಿಗಿತ್ತು. ಯಾರೂ ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಿರಲಿಲ್ಲ.

ಶಾಖೆ ಎಂದರೆ ಮಹಾ ದೊಡ್ಡದೇನಲ್ಲ. ಮುಂದೆ ಬೆಂಚುಗಳ ಹಜಾರ, ಒಂದು ಬದಿಗೆ ಡಾಕ್ಟರಮ್ಮನ ಕೋಣೆ, ಇನ್ನೊಂದು ಬದಿಗೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕ್ಯಾಮೆರಾ ಕೋಣೆ, ಹಿಂದೆ ಔಷಧಿಯ ಉಗ್ರಾಣ. ಕ್ಯಾಮೆರಾ ಕೋಣೆಯಲ್ಲಿ ಕಣ್ಣಿನ ಹಿಂದಿನ ಪರದೆಯ ಫೋಟೋ ತೆಗೆಯುತ್ತಿದ್ದರು. ಆ ಫೋಟೋ ಗುಡ್ಡ ಬಳಸಿ ಬರುವ ಒಂದೇ ಒಂದು ಬಡಕಲು ಲೈನಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿನ ತಜ್ಞರು ನೋಡಿ ಹನಿ ಸಾಕು ಅನ್ನಬೇಕು, ಇಲ್ಲವೇ ತಕ್ಷಣ ಕಳಿಸಿ ಅನ್ನಬೇಕು. ಊರಿನ ಅರ್ಧ ಕಣ್ಣುಗಳು ಆ ಲೈನನ್ನು ನಂಬಿಕೊಂಡಿದ್ದವು ಎಂದರೂ ತಪ್ಪಿಲ್ಲ.

ಮಾಮೂಲಿ ದಿನಗಳಲ್ಲಿ ಲೈನು ನಿಧಾನವಾದರೂ ನಿಯತ್ತಾಗಿ ನಡೆಯುತ್ತಿತ್ತು. ಆದರೆ ತಿಂಗಳಿಗೊಮ್ಮೆ ಕಂಪ್ಯೂಟರುಗಳಿಗೆ ಅಪ್‌ಡೇಟ್ ಬರುತ್ತಿತ್ತಲ್ಲ, ಅವತ್ತು ಮಾತ್ರ ಎಲ್ಲರ ಪ್ರಾಣ ಬಾಯಿಗೆ ಬರುತ್ತಿತ್ತು. ಬೆಳಿಗ್ಗೆ ಯಂತ್ರಗಳು ಎದ್ದಿದ್ದೇ ತಡ, ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಲು ಶುರುವಾಗುತ್ತಿತ್ತು. ಮಧ್ಯಾಹ್ನವಾದರೂ ತಿರುಗುತ್ತಲೇ ಇರುತ್ತಿತ್ತು. ಚೀಟಿ ಬರುತ್ತಿರಲಿಲ್ಲ, ಫೋಟೋ ಹೋಗುತ್ತಿರಲಿಲ್ಲ, ಬೆಂಚುಗಳ ಮೇಲೆ ಜನ ಒಬ್ಬರ ತೊಡೆಯ ಮೇಲೊಬ್ಬರು ಎಂಬಂತೆ ತುಂಬಿಕೊಳ್ಳುತ್ತಿದ್ದರು.

ಆ ಸಲವೂ ಹಾಗೇ ಆಯಿತು. ನಿವೃತ್ತ ಮೇಷ್ಟರೊಬ್ಬರು ಹನಿ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಉತ್ತರಕ್ಕೆ ಕಾದು ಕಾದು ಕೊನೆಗೆ ಕೌಂಟರಿನ ಎದುರು ಬಂದು ನಿಂತರು.

"ತಾಯಿ, ನನ್ನ ಕಣ್ಣಿನ ಫೋಟೋ ನಡ್ಕೊಂಡು ಹೋಗಿದ್ರೂ ಇಷ್ಟೊತ್ತಿಗೆ ಊರು ಸೇರ್ತಿತ್ತಲ್ವಾ?"

ಕೌಂಟರಕ್ಕ ನಗಲು ನೋಡಿದಳು, ಆಗಲಿಲ್ಲ. ಕ್ಯಾಮೆರಾ ಕೋಣೆಯಿಂದ ಫೋಟೋದವನು ದಡದಡನೆ ಹೊರಬಂದ. ಕೆಲಸದಲ್ಲಿ ಬಹಳ ಅಚ್ಚುಕಟ್ಟು, ಆದರೆ ಬಾಯಿಗೆ ಬ್ರೇಕಿಲ್ಲ.

"ಮತ್ತೆ ನಿಂತೋಯ್ತು! ಆ ದೊಡ್ಡಾಸ್ಪತ್ರೆ ಹೆಡ್ಡಾಫೀಸಲ್ಲಿ ಕೂತಿದಾಳಲ್ಲ ಹೊಸ ಕಂಪ್ಯೂಟರ್ ಮೇಡಂ, ಅವಳನ್ನ ತಂದು ಒಂದಿನ ಈ ಕೌಂಟರಲ್ಲಿ ಕೂರಿಸ್ಬೇಕು. ಎಸಿ ರೂಮಲ್ಲಿ ಕೂತು ಬಟನ್ ಒತ್ತೋದಕ್ಕೇನು? ಅನುಭವಿಸೋರು ನಾವು!"

ಹೌದು ಹೌದು ಎಂದು ಕನ್ನಡಕದ ವಿಭಾಗದ ಹುಡುಗಿ ದನಿಗೂಡಿಸಿದಳು. ಕೌಂಟರಕ್ಕ ಮಾತ್ರ ಕೀಬೋರ್ಡಿನ ಧೂಳು ಒರೆಸತೊಡಗಿದಳು. ಯಾಕೆಂದರೆ ಆ ಕಂಪ್ಯೂಟರ್ ಮೇಡಂ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಂಗಿ.

ತಂಗಿಗೆ ಆ ಕೆಲಸ ಸಿಕ್ಕ ದಿನ ಕೌಂಟರಕ್ಕನ ಕಾಲು ನೆಲದ ಮೇಲಿರಲಿಲ್ಲ. ಇಬ್ಬರ ನಡುವೆ ಬಹಳ ವರ್ಷಗಳ ಅಂತರ. ಆ ಪುಟ್ಟಿಯನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ಅಕ್ಕನೇ, ಮೊದಲ ದಿನ ಶಾಲೆಯ ಬಾಗಿಲಿಗೆ ಬಿಟ್ಟು ಬಂದದ್ದೂ ಅಕ್ಕನೇ. ಎಷ್ಟೋ ಶಾಖೆಗಳ ಕಂಪ್ಯೂಟರುಗಳೆಲ್ಲ ಈಗ ಆ ಪುಟ್ಟಿಯ ಕೈಕೆಳಗೆ! ನಾಳೆ ಎಲ್ಲರಿಗೂ ಹೇಳಬೇಕು ಎಂದುಕೊಂಡೇ ಮಲಗಿದ್ದಳು. ಆ ನಾಳೆಯೇ ಅಪ್‌ಡೇಟ್ ಬಂದು ಲೈನು ಕಟ್ಟಿಕೊಂಡು, ಹೊಸ ಮೇಡಮ್ಮಿಗೆ ಶಾಖೆಯವರೆಲ್ಲ ಸೇರಿ ಹಿಡಿಶಾಪ ಹಾಕಿದ್ದರು. ಹೇಳಬೇಕಾದ ಮಾತನ್ನು ಅವತ್ತು ಹೇಳಲಿಲ್ಲ. ಆಮೇಲೆ ಹೇಳಲು ಸಂದರ್ಭವೇ ಕೂಡಿಬರಲಿಲ್ಲ. ತಂಗಿಯನ್ನು ಎದುರೆದುರೇ ಬೈಯುವಾಗ ಸುಮ್ಮನೆ ಕೂರುವುದು ಹಲ್ಲುನೋವಿನಂತೆ ಒಳಗೊಳಗೇ ಚುಚ್ಚುತ್ತಿತ್ತು.

ಮೇಷ್ಟರು ಅವತ್ತು ಉತ್ತರವಿಲ್ಲದೆ ಮನೆಗೆ ಹೋದರು. ಡಾಕ್ಟರಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವರು ಕೂಗಾಡುವವರಲ್ಲ, ಸಿಟ್ಟು ಬಂದಷ್ಟೂ ದನಿ ತಗ್ಗುತ್ತಿತ್ತು. ದೊಡ್ಡಾಸ್ಪತ್ರೆಯ ಮುಖ್ಯಸ್ಥರಿಗೆ ಫೋನ್ ಮಾಡಿ, ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿ ಇಟ್ಟರು.

ಆ ಸಂಜೆ ಅಕ್ಕನ ಮೊಬೈಲು ಹೊಡೆದುಕೊಂಡಿತು.

"ಅಕ್ಕಾ, ನಾನೇ. ನಿಮ್ಮ ಶಾಖೆಗೆ ಬರ್ತಿದೀನಿ. ಮನೇಲಿ ಜಾಗ ಇದೆಯಾ?"

"ಇದೇನು ಹೀಗ್ ಕೇಳ್ತೀಯ? ಜಾಗ ಇಲ್ದಿದ್ರೆ ನಿಮ್ಮ ಭಾವನ್ನ ಅಂಗಳದಲ್ಲಿ ಮಲಗಿಸ್ತೀನಿ."

ಆ ಕಡೆ ನಗು ಬರಲಿಲ್ಲ. "ನಿಮ್ಮೋರೆಲ್ಲ ನನ್ನ ಬೈತಾರಂತೆ."

"ಯಾರಂದ್ರು?"

"ಎಲ್ರೂ ಅಂದ್ರು. ನೀನೂ ಬೈತೀಯಾ?"

"ಛೇ, ನಾನ್ಯಾಕ್ ಬೈಲಿ!" ಎಂದಳು ಅಕ್ಕ. ಬೈದಿಲ್ಲ ಎಂಬುದು ನಿಜವೇ. ಬಿಡಿಸಿಯೂ ಇಲ್ಲವಲ್ಲ ಎಂಬುದು ಫೋನ್ ಇಟ್ಟ ಮೇಲೆ ಮನಸ್ಸಿಗೆ ಬಂದು, ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಹೋಯಿತು.

ಮಾರನೆಯ ದಿನ ಶಾಖೆಯಲ್ಲಿ ಎಲ್ಲರೂ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಬಂದಿದ್ದರು. ಮೇಡಂ ಬಂದರೆ ಏನೇನು ಹೇಳಬೇಕು ಎಂದು ಫೋಟೋದವನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಹೊರಗೆ ಆಟೋ ನಿಂತಿತು. ಎತ್ತರದ, ಹೆಗಲಿಗೆ ಎರಡು ಚೀಲ ತೂಗುಹಾಕಿಕೊಂಡ ಹೆಣ್ಣುಮಗಳೊಬ್ಬಳು ಇಳಿದು ಗಾಜಿನ ಬಾಗಿಲನ್ನು ತಳ್ಳಿದಳು. ಅದು ತೆರೆಯಲಿಲ್ಲ. ಇನ್ನಷ್ಟು ಬಲ ಹಾಕಿ ತಳ್ಳಿದಳು.

"ಪುಟ್ಟೀ, ತಳ್ಳಬೇಡ, ಎಳಿ! ಚಿಕ್ಕೋಳಿದ್ದಾಗಿಂದ ಇದೇ ಆಯ್ತು ನಿಂದು!" ಎಂದು ಕೌಂಟರಕ್ಕ ಅಲ್ಲಿಂದಲೇ ಕೂಗಿಬಿಟ್ಟಳು.

ಫೋಟೋದವನು ಅವಳನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ.

"ಪುಟ್ಟಿ ಅಂದ್ರೆ?"

"ನನ್ನ ತಂಗಿ," ಎಂದಳು ಕೌಂಟರಕ್ಕ. ಹೇಳಿದ್ದೇ ಬೆನ್ನು ತಾನಾಗಿ ನೆಟ್ಟಗಾಯಿತು. "ನಿಮ್ಮ ಹೆಡ್ಡಾಫೀಸ್ ಕಂಪ್ಯೂಟರ್ ಮೇಡಂ."

ಬಾಯಿಪಾಠವಾಗಿದ್ದದ್ದೆಲ್ಲ ಅವನ ತಲೆಯಿಂದ ಹಾರಿಹೋಯಿತು. ಕಿವಿಯ ತುದಿ ಕೆಂಪಾಯಿತು. "ಕೌಂಟರಕ್ಕಾ, ಒಂದ್ ಮಾತು ಹೇಳ್ಬಾರ್ದಾ? ನಾನು ಏನೇನೋ..." ಎಂದು ತೊದಲುತ್ತ ಕ್ಯಾಮೆರಾ ಕೋಣೆಯ ಕತ್ತಲಿಗೆ ಜಾರಿಕೊಂಡ.

ಡಾಕ್ಟರಮ್ಮ ಮಾತ್ರ ಮುಖ ಸಡಿಲಿಸಲಿಲ್ಲ. "ಅಕ್ಕನ ಮುಖ ನೋಡಿ ನಾನು ಸುಮ್ಮನಿರೋಕಾಗಲ್ಲ," ಎಂದರು ತಂಗಿಗೆ. "ನಂಗೆ ಬೇಕಾಗಿರೋದು ಒಂದೇ. ಫೋಟೋ ಹೋಗ್ಬೇಕು."

"ನಂಗೂ ಅದೇ ಬೇಕು ಡಾಕ್ಟರ್," ಎಂದಳು ತಂಗಿ. "ಇವತ್ತೊಂದು ದಿನ ನಾನೇನೂ ಮುಟ್ಟಲ್ಲ. ಸುಮ್ನೆ ಕೂತು ನೋಡ್ತೀನಿ. ಆಗಬಹುದಾ?"

ಹಾಗೆಯೇ ಕುಳಿತಳು. ರೋಗಿಗಳ ಬೆಂಚಿನ ತುದಿಯಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಅಕ್ಕ ಚೀಟಿ ಕೊಡುತ್ತಲೇ ಓರೆಗಣ್ಣಿನಲ್ಲಿ ಅವಳನ್ನು ನೋಡುತ್ತಿದ್ದಳು. ಮನೆಯಲ್ಲಿ ಕಂಡ ಪುಟ್ಟಿಯಲ್ಲ ಇದು. ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬರು ತಮ್ಮ ಮೊಮ್ಮಕ್ಕಳ ವಿಷಯವೆಲ್ಲ ಹೇಳುತ್ತಿದ್ದರು. ತಂಗಿ ಹೂಂಗುಡುತ್ತ, ಕಣ್ಣು ಮಾತ್ರ ಪರದೆಯಿಂದ ತೆಗೆಯದೆ, ಆಗಾಗ ಹುಬ್ಬು ಗಂಟಿಕ್ಕುತ್ತ ಕುಳಿತಿದ್ದಳು. ಮಧ್ಯಾಹ್ನ ಕೌಂಟರಿಗೆ ಬಂದು ಪಿಸುಮಾತಿನಲ್ಲಿ ಹೇಳಿದಳು.

"ಅಕ್ಕಾ, ಒಂದು ಗೊತ್ತಾಯ್ತು. ನಿನ್ನೆ ಮುಗೀದೇ ಉಳಿದ ಅಪ್‌ಡೇಟು ಇವತ್ತೂ ಬರ್ತಾನೇ ಇದೆ. ಇಲ್ಲಿರೋ ಕಂಪ್ಯೂಟರುಗಳಿಗೆಲ್ಲ ಬೇಕಾಗಿರೋದು ಒಂದೇ ಅಪ್‌ಡೇಟು, ಒಂದೇ ಮೂಟೆ ಅನ್ಕೋ. ಆದ್ರೆ ಪ್ರತಿಯೊಂದೂ ಬೇರೆಬೇರೆಯಾಗಿ ಅದನ್ನೇ ಎಳ್ಕೊಳ್ತಿದೆ. ಒಂದೇ ಸಲಕ್ಕೆ. ಲೈನು ಉಸಿರಾಡೋದಾದ್ರೂ ಹೇಗೆ?"

"ಅದು ಗೊತ್ತಿದ್ದೂ ಹಗಲಲ್ಲಿ ಯಾಕೆ ಕಳಿಸ್ತೀಯ?"

"ಅದೇ ನಂಗೂ ತಲೆ ಕೆಡ್ತಿರೋದು! ನಾನು ಕಳಿಸೋದು ರಾತ್ರಿ. ನೀವೆಲ್ಲ ಮನೆಗೆ ಹೋದ್ಮೇಲೆ ತಗೋಬೇಕು ಅಂತ ಆರ್ಡರ್ ಕೊಟ್ಟಿದೀನಿ. ಬೇರೆ ಶಾಖೆಗಳು ಅಲ್ಪಸ್ವಲ್ಪ ತಗೊಳ್ತವೆ. ಇಲ್ಲಿ ರಾತ್ರಿ ಒಂದು ಚೂರೂ ಬಂದಿಲ್ಲ, ಯಾವತ್ತೂ ಬಂದಿಲ್ಲ. ಬೆಳಿಗ್ಗೆ ಎದ್ದು ಹಸಿದೋರ ಹಾಗೆ ಎಲ್ಲ ಒಟ್ಟಿಗೆ ಮುಗಿಬೀಳ್ತವೆ. ಯಾಕೆ?"

ಅಷ್ಟರಲ್ಲಿ ಯಾರೋ ಚೀಟಿಗೆ ಕೈಚಾಚಿದರು, ಮಾತು ಅಲ್ಲಿಗೇ ನಿಂತಿತು.

ಸಂಜೆಯಾಯಿತು. ಕೊನೆಯ ರೋಗಿ ಹೋದರು, ಡಾಕ್ಟರಮ್ಮ ಹೊರಟರು, ಕಸ ಗುಡಿಸಿದ್ದಾಯಿತು. ಕೌಂಟರಕ್ಕ ಎಂದಿನಂತೆ ಎಲ್ಲ ಕಿಟಕಿಗಳ ಚಿಲಕ ಎಳೆದು ನೋಡಿ, ಬಾಗಿಲ ಪಕ್ಕದ ಕಬ್ಬಿಣದ ಪೆಟ್ಟಿಗೆ ತೆರೆದು, ಒಳಗಿನ ದೊಡ್ಡ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ದಡಕ್ಕನೆ ಕೆಳಗೆ ಎಳೆದಳು. ದೀಪಗಳು, ಫ್ಯಾನುಗಳು, ಕಂಪ್ಯೂಟರುಗಳು ಎಲ್ಲ ಒಂದೇ ಉಸಿರಿಗೆ ಆರಿದವು.

"ಅಕ್ಕಾ, ಏನ್ ಮಾಡಿದೆ?" ತಂಗಿಯ ದನಿ ಮಬ್ಬುಗತ್ತಲಲ್ಲಿ ಕೀರಲಾಯಿತು.

"ಮೇನ್ ಆಫ್ ಮಾಡಿದೆ. ಯಾಕೆ?"

"ದಿನಾ ಹೀಗೇ ಮಾಡ್ತೀಯಾ?"

"ಒಂದು ದಿನ ತಪ್ಪಿಸಿದೋಳಲ್ಲ," ಎಂದಳು ಅಕ್ಕ ಗತ್ತಿನಿಂದ. "ಪಕ್ಕದ ಕನ್ನಡಕದ ಅಂಗಡೀಲಿ ಒಂದ್ಸಲ ವೈರ್ ಸುಟ್ಟು ಹೊಗೆ ಎದ್ದಿತ್ತು. ಇನ್ನೊಂದು ಸ್ವಲ್ಪದರಲ್ಲಿ ನಮ್ಮ ಕ್ಯಾಮೆರಾನೂ ಬೂದಿಯಾಗ್ತಿತ್ತು. ಅವತ್ತೇ ಡಾಕ್ಟರಮ್ಮ ಹೇಳಿಬಿಟ್ರು, ರಾತ್ರಿ ಈ ಕಟ್ಟಡದಲ್ಲಿ ಕರೆಂಟೇ ಇರಬಾರದು ಅಂತ. ಆ ಜವಾಬ್ದಾರಿ ನಂದು."

ತಂಗಿ ಬೆಂಚಿನ ಮೇಲೆ ಧೊಪ್ಪನೆ ಕುಳಿತಳು. ಮೊದಲು ಭುಜ ಅಲುಗಿತು. ಅಳುತ್ತಿದ್ದಾಳೇನೋ ಎಂದು ಅಕ್ಕ ಗಾಬರಿಯಾದಳು. ಅವಳು ನಗುತ್ತಿದ್ದಳು.

"ಆರಿಹೋದ ಕಂಪ್ಯೂಟರಿಗೆ ನಾನು ತಿಂಗಳುಗಟ್ಟಲೆ ರಾತ್ರಿ ಕೆಲಸ ಹೇಳ್ತಾ ಕೂತಿದ್ದೆ!"

ಮನೆಗೆ ಬರುವಷ್ಟರಲ್ಲಿ ಆ ನಗು ಇಳಿದಿತ್ತು. ಊಟಕ್ಕೆ ಕುಳಿತಾಗ ಭಾವ ಇಬ್ಬರ ಮುಖವನ್ನೂ ಅಳೆದು ನೋಡಿದರು. ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕುಳಿತು ಊರಿನವರಿಗೆಲ್ಲ ಕಾರು ಕಲಿಸಿ, ಯಾವುದಕ್ಕೂ ಎದೆಗುಂದದ ಸ್ವಭಾವ ಬೆಳೆಸಿಕೊಂಡಿದ್ದರು.

"ಏನು, ಇಬ್ರೂ ನ್ಯೂಟ್ರಲ್ಲಲ್ಲಿ ನಿಂತಿದೀರಿ?"

ತಂಗಿ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅಕ್ಕನ ಮುಖ ಬಿಗಿಯಿತು.

"ಅಂದ್ರೆ ತಪ್ಪು ನಂದಾ? ಇಷ್ಟು ದಿನ ಆ ಜನ ಬೆಂಚಲ್ಲಿ ಕಾಯ್ತಾ ಕೂತಿದ್ದು ನನ್ನಿಂದಾನಾ?"

"ನಾನು ಹಾಗಂದ್ನಾ?"

"ಅನ್ನೋದೇನು, ಅರ್ಥ ಅದೇ ತಾನೇ? ನೋಡು ಪುಟ್ಟಿ, ನೀನು ನನ್ನ ತಂಗಿಯಾಗಿರಬಹುದು, ದೊಡ್ಡ ಆಫೀಸರೂ ಆಗಿರಬಹುದು. ಆ ಸ್ವಿಚ್ಚನ್ನ ಮಾತ್ರ ನಾನು ಇಳಿಸದೇ ಇರಲ್ಲ."

"ಇಳಿಸು ಅಕ್ಕಾ. ನಾನು ಬೇಡ ಅನ್ನಲ್ಲ." ತಂಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಸಿಟ್ಟು ಬಂದಿರೋದು ನನ್ನ ಮೇಲೆ. ಸಂಜೆ ಬಾಗಿಲು ಹಾಕೋರು ಯಾರು, ಹೇಗೆ ಹಾಕ್ತಾರೆ ಅಂತ ಕೇಳ್ದೇನೇ ಅಷ್ಟು ದೂರದಿಂದ ಆರ್ಡರ್ ಕೊಟ್ಟೆ. ಒಂದು ಫೋನ್ ಸಾಕಿತ್ತು. ಅದೂ ಸ್ವಂತ ಅಕ್ಕನಿಗೆ."

ಅಕ್ಕನ ಬಿಗುವು ಸಡಿಲಾಯಿತು. ಬಡಿಸುವ ನೆಪದಲ್ಲಿ ಅವಳ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿದಳು.

"ಈಗೇನು ಮಾಡ್ತೀಯ?"

"ಒಂದೇ ಒಂದು ಕಂಪ್ಯೂಟರು ರಾತ್ರಿಯಿಡೀ ಎದ್ದಿದ್ರೆ ಸಾಕು. ಅದು ನಿಧಾನಕ್ಕೆ ಒಂದೇ ಮೂಟೆ ತಂದಿಟ್ಕೊಳ್ಳುತ್ತೆ. ಬೆಳಿಗ್ಗೆ ಉಳಿದವೆಲ್ಲ ಅದರ ಹತ್ರಾನೇ ಇಸ್ಕೊಳ್ತವೆ. ಕಟ್ಟಡದೊಳಗಿನ ವೈರಿನಲ್ಲೇ ಎಲ್ಲ ಮುಗಿಯುತ್ತೆ, ಹೊರಗಿನ ಲೈನು ಮುಟ್ಟೋದೇ ಇಲ್ಲ. ಆದ್ರೆ ರಾತ್ರಿ ನಿಮ್ಮಲ್ಲಿ ಕರೆಂಟೇ ಇಲ್ವಲ್ಲ."

"ಇದೆಯಲ್ಲ," ಎಂದಳು ಅಕ್ಕ, ಅದರಲ್ಲೇನು ವಿಶೇಷ ಎಂಬಂತೆ. "ಉಗ್ರಾಣದ ಫ್ರಿಜ್ಜಿಗೆ ಇದೆ. ಔಷಧಿ ಕೆಟ್ಟುಹೋಗಬಾರದು ಅಂತ ಅದಕ್ಕೆ ಬೇರೆ ವೈರ್ ಎಳೆಸಿದಾರೆ. ಮೇನ್ ಇಳಿಸಿದ್ರೂ ಅದು ಆರಲ್ಲ."

ತಂಗಿ ಎಂಜಲು ಕೈಯಲ್ಲೇ ಅಕ್ಕನ ತೋಳು ಹಿಡಿದುಕೊಂಡಳು. ಭಾವ ಗಹಗಹಿಸಿ ನಕ್ಕರು. "ಗೇರ್ ಬಿತ್ತು ನೋಡು!"

ಡಾಕ್ಟರಮ್ಮನನ್ನು ಒಪ್ಪಿಸುವುದು ಅಷ್ಟು ಸಲೀಸಾಗಿರಲಿಲ್ಲ. ಮೊದಲು ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ತಂಗಿ ವಾದಕ್ಕೆ ನಿಲ್ಲಲಿಲ್ಲ. ಎಲೆಕ್ಟ್ರಿಷಿಯನ್ ಬಂದು ವೈರು ನೋಡಲಿ, ಅವನು ಬೇಡವೆಂದರೆ ನಾನು ವಾಪಸ್ ಹೋಗುತ್ತೇನೆ ಎಂದಳು. ಎಲೆಕ್ಟ್ರಿಷಿಯನ್ ಬಂದ. ಗೋಡೆಯ ಪೆಟ್ಟಿಗೆ ಬಿಚ್ಚಿ, ಟಾರ್ಚ್ ಹಾಕಿ, ಬಹಳ ಹೊತ್ತು ಗೊಣಗಿ, ಫ್ರಿಜ್ಜಿನ ವೈರು ಆನೆಯನ್ನೂ ತಡೆಯುತ್ತದೆ, ಒಂದು ಸಣ್ಣ ಕಂಪ್ಯೂಟರ್ ಯಾವ ಲೆಕ್ಕ ಎಂದ. ಆದರೂ ಡಾಕ್ಟರಮ್ಮನ ಷರತ್ತಿನಂತೆ ಕಂಪ್ಯೂಟರಿಗೂ ಲೈನಿನ ಪೆಟ್ಟಿಗೆಗೂ ಬೇರೆ ಫ್ಯೂಸ್ ಹಾಕಿದ್ದಾಯಿತು, ಸುತ್ತ ಇದ್ದ ರಟ್ಟಿನ ಡಬ್ಬಗಳನ್ನೆಲ್ಲ ಸರಿಸಿದ್ದಾಯಿತು. ಡಬ್ಬಗಳನ್ನು ಹೊತ್ತು ಹಾಕಿದವನು ಫೋಟೋದವನು. ಯಾರೂ ಹೇಳಿರಲಿಲ್ಲ, ತಾನೇ ಮುಂದೆ ಬಂದಿದ್ದ.

"ಹಗಲು ಹೊತ್ತಲ್ಲಿ ತುರ್ತು ಅಪ್‌ಡೇಟ್ ಬಂದ್ರೆ?" ಡಾಕ್ಟರಮ್ಮ ಬಿಡಲಿಲ್ಲ.

"ಅದಕ್ಕೂ ಏರ್ಪಾಟು ಮಾಡಿದೀನಿ. ಈ ಲೈನಲ್ಲಿ ಇನ್ಮೇಲೆ ಮೊದಲ ದಾರಿ ಫೋಟೋಗೆ. ಫೋಟೋ ಹೋಗೋವಾಗ ಅಪ್‌ಡೇಟು ಪಕ್ಕಕ್ಕೆ ಸರಿದು ನಿಲ್ಲಬೇಕು. ಅದಕ್ಕೆ ಸಿಗೋದು ಮಿಕ್ಕಿದ್ದಷ್ಟೇ."

"ಮಾತಲ್ಲಿ ಬೇಡ. ತೋರಿಸಿ."

ತೋರಿಸುವ ಗಳಿಗೆ ತಾನಾಗಿಯೇ ಬಂತು, ಅದೂ ಯಾರೂ ಬಯಸದ ರೀತಿಯಲ್ಲಿ. ತಂಗಿ ಇನ್ನೂ ಉಗ್ರಾಣದಲ್ಲಿ ಕುಳಿತು ಹೊಸ ವ್ಯವಸ್ಥೆಯನ್ನು ಸರಿಮಾಡುತ್ತಿದ್ದಾಗ ಹೆಡ್ಡಾಫೀಸಿನಿಂದ ಫೋನ್ ಬಂತು. ಕಂಪ್ಯೂಟರುಗಳಲ್ಲಿ ಕಳ್ಳರು ನುಗ್ಗಬಹುದಾದ ಬಿರುಕೊಂದು ಪತ್ತೆಯಾಗಿದೆಯಂತೆ, ಅದನ್ನು ಮುಚ್ಚುವ ಅಪ್‌ಡೇಟನ್ನು ರಾತ್ರಿಯವರೆಗೆ ಕಾಯದೆ ಎಲ್ಲ ಶಾಖೆಗಳಿಗೂ ಈಗಲೇ ಕಳಿಸಬೇಕಂತೆ. ತಂಗಿ ತುಟಿ ಕಚ್ಚಿ, ಸರಿ ಎಂದು ಹೇಳಿ ಶುರುಮಾಡಿದಳು.

ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಟೈಲರಮ್ಮ ಬಂದು ನಿಂತಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು, ಕೌಂಟರಕ್ಕನಿಗೆ ಬಹಳ ದಿನದ ಪರಿಚಯ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಕೌಂಟರಕ್ಕಾ, ಹೊಲೀತಾ ಕೂತಿದ್ದೆ. ಕಣ್ಣೊಳಗೆ ಮಿಂಚು ಹೊಡೆದ ಹಾಗಾಯ್ತು. ಈಗ ಒಂದು ಕಡೆಯಿಂದ ಕರೀ ಬಟ್ಟೆ ಇಳಿಬಿಟ್ಟ ಹಾಗೆ ಕಾಣ್ತಿದೆ. ಏನಾದ್ರೂ ಹನಿ ಹಾಕಿ ಕಳಿಸ್ತೀರಾ? ಶಾಲೆ ಶುರುವಾಗೋದ್ರೊಳಗೆ ಬಟ್ಟೆ ಕೊಡಬೇಕು."

ಕೌಂಟರಕ್ಕ ಚೀಟಿ ಬರೆಯಲಿಲ್ಲ. ಅವಳ ಕೈ ಹಿಡಿದು ನೇರ ಡಾಕ್ಟರಮ್ಮನ ಕೋಣೆಗೆ ಕರೆದೊಯ್ದಳು. ಮಿಂಚು ಮತ್ತು ಕರಿಬಟ್ಟೆ ಎಂದರೆ ಏನೆಂದು ಇಷ್ಟು ವರ್ಷ ಅಲ್ಲಿ ಕುಳಿತವಳಿಗೆ ತಿಳಿಯದೆ ಇರುತ್ತದೆಯೇ? ಕಣ್ಣಿನ ಹಿಂದಿನ ಪರದೆ ಬಿಚ್ಚಿಕೊಳ್ಳುತ್ತಿದೆ. ನಡುವಿನ ದೃಷ್ಟಿ ಉಳಿದಿರುವಾಗಲೇ ಆಪರೇಷನ್ ಆಗಬೇಕು.

ಡಾಕ್ಟರಮ್ಮ ನೋಡಿದರು, ಫೋಟೋದವನು ಚಕಚಕನೆ ಫೋಟೋ ತೆಗೆದ. ದೊಡ್ಡಾಸ್ಪತ್ರೆಯ ತಜ್ಞರು ಒಂದು ಆಪರೇಷನ್ ಮುಗಿಸಿ ಇನ್ನೊಂದಕ್ಕೆ ಹೊರಡುವವರಿದ್ದರು. ಫೋಟೋ ಈಗಲೇ ಬಂದರೆ ನೋಡಿ ಜಾಗ ಮಾಡಿಕೊಡುತ್ತಾರೆ, ಅವರು ಒಳಗೆ ಹೋಗಿಬಿಟ್ಟರೆ ಸಂಜೆಯ ಮಾತು.

ಫೋಟೋದವನು ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ತಟ್ಟನೆ ನಿಂತ. ಪರದೆಯ ಮೂಲೆಯಲ್ಲಿ ಅಪ್‌ಡೇಟಿನ ಸಣ್ಣ ಚಕ್ರ ತಿರುಗುತ್ತಿತ್ತು.

"ಡಾಕ್ಟರ್! ಅಪ್‌ಡೇಟ್ ನಡೀತಿದೆ!"

ಡಾಕ್ಟರಮ್ಮ ಉಗ್ರಾಣದ ಬಾಗಿಲಿಗೆ ಬಂದರು. ದನಿ ಪಿಸುಮಾತಿಗಿಂತಲೂ ತಗ್ಗಿತ್ತು. "ನಿಲ್ಲಿಸಿ ಅದನ್ನ."

ತಂಗಿ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ನಡುಗಲಿಲ್ಲ. ಗೋಡೆಯ ಮೇಲಿನ ಲೈನಿನ ಪೆಟ್ಟಿಗೆಯಿಂದ ಉಗ್ರಾಣದ ಕಂಪ್ಯೂಟರಿಗೆ ಇಳಿಯುವ ನೀಲಿ ವೈರನ್ನು ಬೆರಳುಗಳಲ್ಲಿ ಹಿಡಿದುಕೊಂಡಳು.

"ಅಪ್‌ಡೇಟಿನ ವೈರು ಇದೇ. ನನ್ನ ಕೈಲಿದೆ. ಒಂದೇ ಸಲ ಕಳಿಸಿ ನೋಡಿ ಡಾಕ್ಟರ್. ಒಂದು ಕ್ಷಣ ತಡವರಿಸಿದ್ರೂ ಕಿತ್ತುಹಾಕ್ತೀನಿ. ಆದ್ರೆ ತಡವರಿಸಲ್ಲ."

ಡಾಕ್ಟರಮ್ಮ ಅವಳನ್ನು ದಿಟ್ಟಿಸಿದರು. ಆಮೇಲೆ, ಯಾಕೋ, ಕೌಂಟರಕ್ಕನ ಕಡೆ ತಿರುಗಿದರು.

ಕೌಂಟರಕ್ಕನಿಗೆ ಲೈನಿನ ಒಳಗುಟ್ಟು ಗೊತ್ತಿರಲಿಲ್ಲ. ಆದರೆ ತಂಗಿಯ ಮುಖ ಗೊತ್ತಿತ್ತು. ಬರದಿದ್ದರೆ ಬರದು ಎನ್ನುವ ಮುಖವೊಂದು, ಗೊತ್ತಿದ್ದಾಗ ಯಾರು ಗದರಿದರೂ ಜಪ್ಪಯ್ಯ ಎನ್ನದ ಮುಖವೊಂದು. ಈಗ ಇದ್ದದ್ದು ಎರಡನೆಯದು.

"ಕಳಿಸ್ರಿ ಡಾಕ್ಟರಮ್ಮಾ," ಎಂದಳು. "ಅವಳು ಹೋಗುತ್ತೆ ಅಂದ್ರೆ ಹೋಗುತ್ತೆ."

"ಕಳಿಸು," ಎಂದರು ಡಾಕ್ಟರಮ್ಮ.

ಫೋಟೋದವನು ಗುಂಡಿ ಒತ್ತಿದ. ಅಪ್‌ಡೇಟಿನ ಚಕ್ರ ತಿರುಗುವುದನ್ನು ನಿಲ್ಲಿಸಿತು. ಯಾರೋ ಭುಜ ಹಿಡಿದು ಪಕ್ಕಕ್ಕೆ ಸರಿಸಿದಂತೆ ತೆಪ್ಪಗಾಯಿತು. ಫೋಟೋದ ಹಸಿರು ಪಟ್ಟಿ ಮಾತ್ರ ಒಂದೇ ಸಮನೆ ಮುಂದೆ ಸರಿಯಿತು, ಎಲ್ಲೂ ಎಡವಲಿಲ್ಲ, ತುದಿ ಮುಟ್ಟಿತು. ಹೋಯಿತು ಎಂಬ ಅಕ್ಷರ ಮೂಡಿತು.

"ಹೋಯ್ತು!" ಎಂದು ಅವನು ಕಿರುಚಿದ. "ಕೌಂಟರಕ್ಕಾ, ಹೋಯ್ತು!"

ತಂಗಿ ವೈರನ್ನು ಬಿಟ್ಟು ಗೋಡೆಗೆ ಒರಗಿದಳು. ಅಂಗೈ ಬೆವರಿತ್ತು, ಬಟ್ಟೆಗೆ ಒರೆಸಿಕೊಂಡಳು. ಅಷ್ಟರಲ್ಲಿ ಡಾಕ್ಟರಮ್ಮನ ಫೋನ್ ರಿಂಗಾಯಿತು. ತಜ್ಞರೇ. ಮಾತು ಚುಟುಕಾಗಿತ್ತು. ನಡುವಿನ ದೃಷ್ಟಿ ಇನ್ನೂ ಗಟ್ಟಿಯಾಗಿದೆ, ಈಗಲೇ ಹೊರಡಿಸಿ, ಟೇಬಲ್ ಸಿದ್ಧವಿಡುತ್ತೇನೆ.

ಆದರೆ ಆಸ್ಪತ್ರೆಯ ಗಾಡಿ ಬೇರೆ ಯಾರನ್ನೋ ಬಿಡಲು ಗುಡ್ಡದ ಆ ಬದಿಗೆ ಹೋಗಿತ್ತು. ಟೈಲರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು, ಬಟ್ಟೆಗಳ ಚಿಂತೆಯನ್ನೂ ಬಿಟ್ಟು, ಮೊದಲ ಸಲ ಹೆದರಿದವಳಂತೆ ಕುಳಿತಿದ್ದಳು. ಕೌಂಟರಕ್ಕ ಗಂಡನಿಗೆ ಫೋನ್ ತಿರುಗಿಸಿದಳು.

"ಎಲ್ಲಿದೀರಿ? ಪಾಠಾನಾ? ಕಲೀತಿರೋರನ್ನ ಅಲ್ಲೇ ಇಳಿಸಿ ಬನ್ನಿ."

ಭಾವ ಬಂದರು. ಕಾರಿನ ನೆತ್ತಿಯ ಮೇಲೆ ಕಲಿಯುವವರ ದೊಡ್ಡ ಕೆಂಪು ಫಲಕ ಹಾಗೇ ಇತ್ತು. ಟೈಲರಮ್ಮ ಅದನ್ನು ಒಂದೇ ಕಣ್ಣಿನಲ್ಲಿ ನೋಡಿ, "ಇವರಿಗೆ ಗಾಡಿ ಬರುತ್ತಾ?" ಎಂದು ಕೇಳಿದಳು. ಅಷ್ಟು ಆತಂಕದಲ್ಲೂ ಬೆಂಚಿನವರೆಲ್ಲ ನಕ್ಕರು. ನೀವು ನನ್ನ ಹತ್ತಿರ ಕಲಿಯದೆ ಹೋದದ್ದೇ ತಪ್ಪು ಎಂದ ಭಾವ ಹಿಂದಿನ ಸೀಟಿಗೆ ದಿಂಬು ಹಾಕಿ, ತಲೆ ಅಲುಗದ ಹಾಗೆ ಅವಳನ್ನು ಒರಗಿಸಿ, ಗುಡ್ಡದ ದಾರಿಗೆ ಕಾರು ತಿರುಗಿಸಿದರು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸುದ್ದಿ ಬಂತು. ಆಪರೇಷನ್ ಚೆನ್ನಾಗಿ ಆಗಿದೆ, ದೃಷ್ಟಿ ಉಳಿಯುತ್ತದೆ. ಅಪ್‌ಡೇಟು ಕೂಡ ಅಷ್ಟರಲ್ಲಿ ಮುಗಿದಿತ್ತು. ಉಗ್ರಾಣದ ಕಂಪ್ಯೂಟರು ಬಿಡುವು ಸಿಕ್ಕಾಗಲೆಲ್ಲ ಒಂದಿಷ್ಟೊಂದಿಷ್ಟೇ ತಂದುಕೊಂಡು ಉಳಿದವಕ್ಕೆ ಹಂಚಿತ್ತು. ಕನ್ನಡಕದ ಹುಡುಗಿಗೆ ತನ್ನ ಕಂಪ್ಯೂಟರು ಯಾವಾಗ ತಗೊಂಡಿತು ಎಂಬುದೂ ಗೊತ್ತಾಗಿರಲಿಲ್ಲ.

ಫೋಟೋದವನು ಎಲ್ಲರಿಗೂ ಟೀ ತರಿಸಿದ. ತಂಗಿಗೆ ಲೋಟ ಕೊಡುವಾಗ ಏನೋ ಹೇಳಲು ಹೋಗಿ, ಬರಿದೇ ಕೆಮ್ಮಿ, "ಸಕ್ಕರೆ ಸಾಕಾ ಮೇಡಂ?" ಎಂದ.

"ಸಾಕು. ಆದ್ರೆ ನನ್ನನ್ನ ತಂದು ಕೌಂಟರಲ್ಲಿ ಕೂರಿಸ್ಬೇಕು ಅಂದಿದ್ರಂತೆ? ನಾಳೆ ಕೂರಲಾ?"

ಅವನು ನಾಲಿಗೆ ಕಚ್ಚಿಕೊಂಡು ಕೌಂಟರಕ್ಕನನ್ನು ನೋಡಿದ. ಕೌಂಟರಕ್ಕ ಛಾವಣಿಯ ಫ್ಯಾನನ್ನು ನೋಡಿದಳು.

ಡಾಕ್ಟರಮ್ಮ ಹೊರಡುವ ಮುನ್ನ ಕೌಂಟರಿನ ಬಳಿ ನಿಂತರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಕೈಚೀಲದ ಜಿಪ್ಪನ್ನು ಎಳೆದು, ಮತ್ತೆ ತೆರೆದು, ಮತ್ತೆ ಎಳೆದರು.

"ನಿಮ್ಮ ತಂಗಿ ನನ್ನೆದುರು ಹಾಗೆ ನಿಂತ್ಕೊಂಡ್ಲಲ್ಲ, ಆ ಧೈರ್ಯ ಎಲ್ಲಿಂದ ಬಂತು ಅಂತ ಯೋಚಿಸ್ತಿದ್ದೆ. ಆಮೇಲೆ ನೆನಪಾಯ್ತು. ನಾನು ಸೇರಿದ ಹೊಸದರಲ್ಲಿ, ಚೀಟಿ ಇಲ್ದೆ ಯಾರನ್ನೋ ಒಳಗೆ ಕರೆಸ್ಕೊಂಡೆ ಅಂತ ನೀವು ನನ್ನನ್ನೇ ತರಾಟೆಗೆ ತಗೊಂಡಿದ್ರಿ."

"ಅಯ್ಯೋ, ಅದು ಆಗಿನ ಕಥೆ ಬಿಡಿ ಡಾಕ್ಟರಮ್ಮಾ."

"ಬಿಡಲ್ಲ," ಎಂದರು ಡಾಕ್ಟರಮ್ಮ, ನಕ್ಕು ಹೊರಟರು.

ಕೌಂಟರಕ್ಕನ ಎದೆ ತುಂಬಿ ಬಂತು. ಪುಟ್ಟಿ ದೊಡ್ಡ ಆಫೀಸರಾದಳು ಎಂಬ ಹೆಮ್ಮೆ ಹಳೆಯದು. ಇವತ್ತಿನದು ಬೇರೆ. ಇವತ್ತು ಅವಳ ಕೆಲಸವನ್ನು ಕಣ್ಣಾರೆ ಕಂಡಿದ್ದಳು, ಒಂದು ಕಣ್ಣು ಉಳಿದದ್ದನ್ನು ಕಂಡಿದ್ದಳು, ಅದರಲ್ಲಿ ತನ್ನದೂ ಒಂದು ಕೈ ಇತ್ತು. ಕಬ್ಬಿಣದ ಪೆಟ್ಟಿಗೆ ತೆರೆದು ಹಿಡಿಯನ್ನು ಕೆಳಗೆಳೆದಳು. ಹಜಾರ ಕತ್ತಲಾಯಿತು. ಉಗ್ರಾಣದ ಬಾಗಿಲ ಸಂದಿಯಿಂದ ಒಂದು ಸಣ್ಣ ಹಸಿರು ಬೆಳಕು ಮಾತ್ರ ಕಾಣುತ್ತಿತ್ತು.

ವಾರ ಕಳೆಯುವುದರೊಳಗೆ ದೊಡ್ಡಾಸ್ಪತ್ರೆಯಿಂದ ಹುಕುಂ ಬಂತು, ಎಲ್ಲ ಶಾಖೆಗಳಲ್ಲೂ ಇದೇ ಏರ್ಪಾಟು ಆಗಬೇಕೆಂದು. ತಂಗಿ ಒಂದು ಬೇಡಿಕೆ ಇಟ್ಟಳು. ಪ್ರತಿ ಶಾಖೆಗೂ ತಾನು ಖುದ್ದಾಗಿ ಹೋಗಬೇಕು, ಮೊದಲ ಕೆಲವು ಶಾಖೆಗಳಿಗೆ ಗುಡ್ಡದಾಚೆಯ ಕೌಂಟರಿನವರು ಜೊತೆಗಿರಬೇಕು. ಯಾಕೆ ಎಂದು ಮುಖ್ಯಸ್ಥರು ಕೇಳಿದ್ದಕ್ಕೆ, ಅಲ್ಲಿ ಸಂಜೆ ಏನಾಗುತ್ತದೆ ಎಂದು ನಾನು ಕೇಳಿದರೆ ನಿಯಮ ಹೇಳುತ್ತಾರೆ, ನಮ್ಮಕ್ಕ ಕೇಳಿದರೆ ನಿಜ ಹೇಳುತ್ತಾರೆ ಎಂದಳಂತೆ.

ಡಾಕ್ಟರಮ್ಮ ರಜೆ ಬರೆಯಲು ಬಿಡಲಿಲ್ಲ, ಇದೂ ಡ್ಯೂಟಿಯೇ ಎಂದರು. ಕೌಂಟರಿನಲ್ಲಿ ಆ ದಿನಗಳ ಮಟ್ಟಿಗೆ ಫೋಟೋದವನ ಹೆಂಡತಿ ಕುಳಿತಳು. ಹಳ್ಳದ ಪಕ್ಕದ ಶಾಖೆಗೆ ಅಕ್ಕ ತಂಗಿಯರನ್ನು ಭಾವನೇ ಬಿಟ್ಟು ಬಂದರು. ಅಲ್ಲಿ ಕೌಂಟರಿನಲ್ಲಿದ್ದ ದಪ್ಪ ಕನ್ನಡಕದ ಹೆಂಗಸು, ಹೆಡ್ಡಾಫೀಸಿನವರು ಎಂದು ಕೇಳಿದ್ದೇ ಮುಖ ಗಂಟಿಕ್ಕಿ, ಕುರ್ಚಿ ಕೂಡ ತೋರಿಸಲಿಲ್ಲ. ಕೌಂಟರಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಬೆಂಚಿನವರಿಗೆ ದಾರಿ ಬಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು, ನೇರ ಕೌಂಟರಿನ ಒಳಬದಿಗೇ ನಡೆದು ಆ ಹೆಂಗಸಿನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

"ನಾನೂ ನಿಮ್ಮ ಹಾಗೆ ಕೌಂಟರಿನೋಳೇ. ಬೆಳಗಿಂದ ಕೂತೂ ಕೂತೂ ಸೊಂಟ ಬಿದ್ದುಹೋಗಿರುತ್ತಲ್ವಾ? ಅದಿರಲಿ, ಸಂಜೆ ನೀವು ಹೊರಡೋವಾಗ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ ನೋಡೋಣ."

ಆ ಹೆಂಗಸು ಅನುಮಾನದಿಂದ ಒಮ್ಮೆ ನೋಡಿ, ಆಮೇಲೆ ಹೇಳಲು ಶುರುಮಾಡಿದಳು. ಹಜಾರದ ಆ ತುದಿಯಲ್ಲಿ ತಂಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು, ಮೈಯೆಲ್ಲ ಕಿವಿಯಾಗಿ ಕುಳಿತಳು.